ಪುಣೆಯವಳಿಗೆ ಕನ್ನಡ ಬರುವುದಿಲ್ಲ

ಸತತ ಮೂರು ವಾರ ಬೈದು ನಾನೊಬ್ಬ ಗೆಳತಿಯನ್ನು ಸಂಪಾದಿಸಿದ್ದೇನೆ. ಅದೂ ಬೆನ್ನ ಹಿಂದೆ ಅಲ್ಲ, ಎದುರಿಗೇ!

ಕಳೆದ ವಾರ ಆಕೆ ಬೆಳಗಾವಿ ಜಿಲ್ಲೆಯ ಕಾಗವಾಡದ ನಮ್ಮ ಮನೆಗೆ ಬಂದಿದ್ದಳು. "ನೀವಿಬ್ರೂ ಹ್ಯಾಂಗ ಗಂಟ ಬಿದ್ರಿ?" ಎಂದು ಕಾಕಾ ಕೇಳಿದರು. ಮುಖ ಮುಖ ನೋಡಿಕೊಂಡು ನಕ್ಕೆವು. ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ಐರ್ಲೆಂಡಿನಲ್ಲಿ ಒಂದು ವರ್ಷದ ಫುಡ್ ಟೆಕ್ನಾಲಜಿ ಕೋರ್ಸ್. ಒಂದು ಬಾಡಿಗೆ ಮನೆ, ಆರು ಜನ ಅಪರಿಚಿತರು, ಒಂದೇ ಅಡುಗೆಮನೆ. ಮೊದಲ ಕ್ಲಾಸಿನಲ್ಲಿ ಪ್ರೊಫೆಸರು ಎಲ್ಲರ ಊರು ಕೇಳಿದರು. ನಾನು ಠೀವಿಯಿಂದ "ಬೆಂಗಳೂರು" ಅಂದೆ. (ಬೆಂಗಳೂರು ನೋಡಿದ್ದು ಎರಡೇ ಸಲ, ಎರಡೂ ವೀಸಾಕ್ಕಾಗಿ.) ಅದೇ ಬಾಡಿಗೆ ಮನೆಯಲ್ಲಿದ್ದ ತಬಸ್ಸುಮ್ "ಪುಣೆ" ಅಂದಳು.

ಪುಣೆಯವಳಿಗೆ ಕನ್ನಡ ಎಲ್ಲಿಂದ ಬರಬೇಕು? ನನಗೆ ಹಾದಿ ಸಲೀಸಾಯಿತು. ಆಕೆಯ ಜೊತೆ ಇಂಗ್ಲಿಷಿನಲ್ಲಿ ಹವಾಮಾನದ ಮಾತು, ಅಷ್ಟೇ. ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಅವ್ವನಿಗೆ ಫೋನು. (ವೈಫೈ ಸರಿಯಾಗಿ ಸಿಗುತ್ತಿದ್ದುದು ಅಲ್ಲಿ ಮಾತ್ರ.)

"ಅವ್ವಾ, ಈ ಪುಣೇದಾಕಿಗಿ ಭಾಳ ಸೊಕ್ಕ ಐತಿ. ಕೂದಲಾ ನೋಡಬೇಕ ನೀ, ಕೋಳಿ ಕೆದರಿದಂಗ!"

ಹೀಗೆಂದು ಆಕೆಯತ್ತ ತಿರುಗಿ ಒಂದು ಸಿಹಿ ಸ್ಮೈಲ್ ಬೇರೆ ಕೊಡುತ್ತಿದ್ದೆ. ಆಕೆಯೂ ನಗುತ್ತಿದ್ದಳು. ಪಾಪ, ಎಷ್ಟು ಒಳ್ಳೆಯವಳು!

ನಾಲ್ಕನೇ ವಾರ ಫೋನನ್ನು ಸ್ಪೀಕರಿಗೆ ಹಾಕಿ ಶುರುಮಾಡಿದೆ. "ಈಕಿ ಬಡಿಯೂ ಜ್ವಾಳದ ಭಕ್ರಿ ಅಂದ್ರ ಚಪ್ಪಲಿನ ನೋಡವ್ವಾ."

"ನಿನ್ನಿ ಮೂರ ಚಪ್ಪಲಿ ತಿಂದಿಯಲ್ಲ ಲೇ!"

ದನಿ ಫೋನಿನಿಂದ ಬಂದಿರಲಿಲ್ಲ. ಒಲೆಯ ಕಡೆಯಿಂದ ಬಂದಿತ್ತು.

"ನಮ್ಮೂರೂ ನಿಮ್ಮ ಕಡೀನ ಐತಿ, ನಿಪ್ಪಾಣಿ. ನಮ್ಮ ತಾಯಿ ತವರ, ನಾನಿ ಮನಿ, ಕರೋಶಿ" ಎಂದಳು ತಬಸ್ಸುಮ್.

"ಮತ್ತ ಪುಣೆ ಅಂದಿ?"

"ನೀ ಯಾವ ಬೆಂಗಳೂರಾಕಿ? ಅಲ್ಲಿ ಯಾರ ಹಿಂಗ ಮಾತಾಡ್ತಾರ?"

ಸಾರಿ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ಇಷ್ಟ ದಿನಾ ಸುಮ್ಮನ ಯಾಕ ಇದ್ದಿ?"

ಆಕೆ ಹಿಟ್ಟು ಮೆತ್ತಿದ ಕೈ ನೋಡಿಕೊಂಡಳು. "ಹೇಳಿದ್ರ ನೀ ಇಲ್ಲಿ ಮಾತಾಡೂದ ಬಿಡತಿದ್ದಿ. ನಮ್ಮ ಮಾತ ಕಿವಿಗಿ ಬೀಳತಿತ್ತು. ಬೈದ್ರೂ ನಡೀತೈತಿ ಅನಸ್ತು."

ನಾನು ಫೋನು ಹಿಡಿಯುವ ಹೊತ್ತಿಗೇ ಆಕೆಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ಇರುತ್ತಿದ್ದುದು ಯಾಕೆಂದು ಆಗ ಗೊತ್ತಾಯಿತು.

ಅಷ್ಟರಲ್ಲಿ ಸ್ಪೀಕರಿನಿಂದ ಅವ್ವನ ದನಿ ಬಂತು. "ಕರೋಶಿಯಾಗ ಯಾರ ಪೈಕಿ ನೀ? ಈಕಿ ಬಾಯಿ ಸ್ವಲ್ಪ ಹರಕ ಐತವ್ವಾ, ಮನಸಿಗಿ ಹಚ್ಕೋಬ್ಯಾಡ. ನನ್ನ ಹೆಸರ ಹೇಳಿ ಎರಡ ಬಡಿ."

ಇಬ್ಬರೂ ಅರ್ಧ ಗಂಟೆ ಹರಟಿದರು. ನನ್ನ ಫೋನಿನಲ್ಲಿ, ನನ್ನನ್ನೇ ಬಿಟ್ಟು! ಮರುದಿನದಿಂದ ಉಳಿದ ನಾಲ್ವರ ಬಗ್ಗೆ ಆಡಿಕೊಳ್ಳಲು ನನಗೊಬ್ಬಳು ಪಾರ್ಟ್‌ನರ್ ಸಿಕ್ಕಳು.

ಆ ಐರಿಷ್ ಪ್ರೊಫೆಸರಿಗೆ ಪುಣೆಯೂ ಗೊತ್ತಿರಲಿಲ್ಲ, ನಿಪ್ಪಾಣಿಯೂ ಗೊತ್ತಿರಲಿಲ್ಲ. ಹಾಗಾದರೆ ನಾವು ಊರು ಬದಲಿಸಿದ್ದು ಯಾರಿಗೆ ನಾಚಿ?