ತಗಡು ಸುತ್ತಿದ ಮರ

ಅಳಿಲು ಮರದಿಂದ ಜಾರಿ ಬೀಳುವುದನ್ನು ನೀವು ನೋಡಿರಲಾರಿರಿ. ನಾನು ನೋಡಿದ್ದೇನೆ. ಜಾರಿಸಿದವನೂ ನಾನೇ.

ಕಣಕಟ್ಟೆಯ ನಮ್ಮ ಹಿತ್ತಲಲ್ಲಿರುವುದು ಒಂದೇ ತೆಂಗಿನ ಮರ. ಅಳಿಲೊಂದು ಅದರ ಎಳೆಕಾಯಿಗಳನ್ನು ಕೊರೆದು, ನೀರು ಕುಡಿದು, ಬುರುಡೆಯನ್ನು ಕೆಳಗೆ ಬೀಳಿಸುತ್ತಿತ್ತು. ಊರಿನವರೆಲ್ಲ ಮಾಡುವಂತೆ ನಾನೂ ಕಾಯಿ ಕೀಳುವ ಈರಣ್ಣನನ್ನು ಕರೆಸಿ, ಆಳೆತ್ತರಕ್ಕೂ ಮೇಲೆ ಮರದ ಸುತ್ತ ನುಣುಪಾದ ತಗಡು ಹೊಡೆಸಿದೆ. ತಗಡಿನ ಮೇಲೆ ಉಗುರು ನಿಲ್ಲುವುದಿಲ್ಲ.

"ಇನ್ ನೋಡಿ ಮೇಷ್ಟ್ರೇ, ಇಲಿನೂ ಹತ್ತಲ್ಲ, ಅಳಿಲೂ ಹತ್ತಲ್ಲ. ನೀವಂತೂ ಮೊದ್ಲೇ ಹತ್ತಲ್ಲ" ಎಂದು ನಕ್ಕು ಹೋದ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದ ನಾನು, ಮೇಲೆ ಗೂಡಿದೆಯೇ ನೋಡು ಎಂದು ಅವನಿಗೆ ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಅಳಿಲು ಬಾಯಿತುಂಬ ನಾರು ಕಚ್ಚಿಕೊಂಡು ಬಂತು. ಹತ್ತಿತು, ತಗಡು ಮುಟ್ಟಿತು, ಜಾರಿ ಬಿತ್ತು. ಏಳನೆಯ ಸಲ ಬಾಯಿಂದ ನಾರೂ ಬಿತ್ತು. ಎಂಟನೆಯ ಸಲ ನಾರಿಲ್ಲದೆ ಹತ್ತಿತು. ಮೇಲಿನಿಂದ ಸಣ್ಣ ಕೀಚಲು ದನಿ ನನಗೆ ಕೇಳಿದ್ದು ಆಗ.

ಈ ಮೂರು ಪಟ್ಟೆಯ ಅಳಿಲಿನ ಬಗ್ಗೆ ಲೋಕಕ್ಕೆ ಚಿಂತೆಯಿಲ್ಲ. ಅಳಿಯುತ್ತಿರುವ ಜೀವಿಗಳ ಪಟ್ಟಿ ಮಾಡುವವರು ಇದರ ಹೆಸರಿನ ಮುಂದೆ ಆತಂಕವಿಲ್ಲ ಎಂದೇ ಬರೆದಿದ್ದಾರೆ. ನಿಜವೇ, ತೋಟ, ಬೇಲಿ, ಹೆಂಚಿನ ಸಂದು, ಎಲ್ಲಿ ಬಿಟ್ಟರೂ ಅದು ಬದುಕುತ್ತದೆ. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಆನೆಗೊಂದು ಸಾಲು, ಸಿಂಹಕ್ಕೊಂದು, ಕುದುರೆಗೊಂದು, ಹಂಸಕ್ಕೊಂದು. ಅಳಿಲಿನ ಸಾಲನ್ನು ನಾನಂತೂ ಕಂಡಿಲ್ಲ. ಕಲ್ಲಾನೆಗಳ ಬೆನ್ನ ಮೇಲೆ ಜೀವಂತವಾಗಿ ಓಡಾಡುವುದನ್ನು ಯಾರು ತಾನೇ ಕೆತ್ತುತ್ತಾರೆ? ಆದರೆ ಲೋಕದಲ್ಲಿ ಎಷ್ಟು ಅಳಿಲುಗಳಿದ್ದರೇನು, ಆ ಕೀಚಲಿಗೆ ತಾಯಿ ಒಂದೇ.

ಏಣಿ ಹಾಕಿ, ಕೈ ಕುಯ್ದುಕೊಂಡು, ತಗಡು ಕಿತ್ತೆ. ಒಳಗೆ ಹೋಗಿ ಕಿಟಕಿಯಲ್ಲಿ ನಿಂತೆ. ಬಹಳ ಹೊತ್ತಾದ ಮೇಲೆ ಅದು ಬಂದು ಮೇಲಕ್ಕೆ ಹೋಯಿತು. ಮರಿಯೊಂದನ್ನು ಬಾಯಲ್ಲಿ ಹಿಡಿದು, ತಲೆ ಕೆಳಗಾಗಿ ಇಳಿದು, ಗೋಡೆ ದಾಟಿತು. ಮತ್ತೆ ಬಂದು ಇನ್ನೊಂದನ್ನು ಒಯ್ದಿತು. ಆಮೇಲೆ ನಮ್ಮ ಮರದ ಕಡೆ ಬರಲೇ ಇಲ್ಲ. ಕಾಯಿ ಈಗ ಚೆನ್ನಾಗಿ ಬಲಿಯುತ್ತವೆ. ಬೆಳಗ್ಗೆ ಕಾಫಿ ಹಿಡಿದು ಹಿತ್ತಲಲ್ಲಿ ಕೂತರೆ ಆ ಚಿಕ್ ಚಿಕ್ ಇಲ್ಲದೆ ಕಾಫಿ ಆರಿಹೋಗುತ್ತದೆ.

ಒಂದು ದಿನ ಪಕ್ಕದ ಮನೆಯ ಗಂಗಮ್ಮ ಗೋಡೆಯಾಚೆಯಿಂದ ಕೂಗಿದರು. "ಮೇಷ್ಟ್ರೇ, ನಿಮ್ಮ ಅಳಿಲು ನಮ್ಮ ಮರ ಸೇರ್ಕಂಡೈತೆ. ಆ ತಗಡು ಸುಮ್ಕೆ ಬಿದ್ದೈತಲ್ಲ, ಕೊಡಿ."

"ತಗಡು ಬೇಡ ಕಣಮ್ಮ. ಅಳಿಲು ಕೆಡಿಸಿದ ಒಂದೊಂದು ಕಾಯಿಗೂ ನಮ್ಮದೊಂದು ತಗೊಳ್ಳಿ."

"ಬುದ್ಧಿ ನೆಟ್ಟಗೈತಾ ನಿಮ್ಗೆ?" ಎಂದರು, ಒಪ್ಪಿದರು.

ಅಂದಿನಿಂದ ಅವರು ತೂತು ಬಿದ್ದ ಕಾಯಿ ತೋರಿಸಿದಾಗಲೆಲ್ಲ, ತಾಯಿ ಕ್ಷೇಮ ಎಂದುಕೊಳ್ಳುತ್ತೇನೆ. ಮರಿಗಳ ಸುದ್ದಿ ಮಾತ್ರ ತಿಳಿದಿರಲಿಲ್ಲ. ಕೇಳುವುದಾದರೂ ಯಾರನ್ನು?

ಎರಡು ಮೂರು ತಿಂಗಳು ಕಳೆದಿರಬೇಕು. ಮೊನ್ನೆ ಗಂಗಮ್ಮ ಎರಡು ಎಳೆಕಾಯಿ ತಂದು ಗೋಡೆಯ ಮೇಲಿಟ್ಟರು. ಒಂದರಲ್ಲಿ ದುಂಡನೆಯ ತೂತು. ಇನ್ನೊಂದರ ಸಿಪ್ಪೆಯ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ಕೆರೆದ ಸಣ್ಣ ಗೀರುಗಳು. ಹಲ್ಲು ನೀರಿನ ತನಕ ಹೋಗಿರಲಿಲ್ಲ.

"ಇದು ಬಿಡಿ ಮೇಷ್ಟ್ರೇ, ಲೆಕ್ಕಕ್ಕಿಲ್ಲ. ಯಾವ್ದೋ ಕಲಿಯೋ ಮರಿ ಕೆಲ್ಸ" ಎಂದರು.

ಅದಕ್ಕೆ ಎರಡು ಕೊಟ್ಟೆ.