ಕುರಿಯ ಮೇಲೆ ಬಿದ್ದದ್ದು

ಕೈ ತೊಳೆಯದವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನ ಜಗಳವೆಲ್ಲ ಅಲ್ಲಿಂದಲೇ ಹುಟ್ಟಿದ್ದು. ನಿವೃತ್ತಿಯಾಗುವವರೆಗೂ ನಾನು ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದವಳು. ಕೊನೆಯ ವರ್ಷಗಳಲ್ಲಿ ಮೇಟ್ರನ್ ಆಗಿದ್ದೆ. ಬೇಯಿಸಿದ ಕತ್ತರಿ ಎಲ್ಲಿಡಬೇಕೋ ಅಲ್ಲೇ ಇರಬೇಕು, ಬೇಯಿಸಿದ ಬಟ್ಟೆಯ ತುದಿ ಯಾರ ಮೈಗೂ ತಾಗಬಾರದು. ಮರೆತು ಮೂಗು ಕೆರೆದುಕೊಂಡ ದೊಡ್ಡ ಡಾಕ್ಟರನ್ನೇ ಹೋಗಿ ಮತ್ತೆ ಕೈ ತೊಳೆದು ಬನ್ನಿ ಎಂದು ಹೊರಗೆ ಕಳಿಸಿದ್ದೇನೆ. ಅವರು ಹೋದರು. ಹೋಗದೆ ಏನು ಮಾಡುತ್ತಾರೆ?

ನಿವೃತ್ತಿಯ ನಂತರ ಶ್ರೀರಾಂಪುರದಲ್ಲಿ ತಮ್ಮನ ಮನೆಗೆ ಅಂಟಿದಂತೆ ಒಂದು ಮನೆ ಕಟ್ಟಿಕೊಂಡೆ. ಊರಿನವರಿಗೆ ನಾನು ನರ್ಸಮ್ಮ. ಮೇಟ್ರನ್ ಎಂದು ಎಷ್ಟು ತಿದ್ದಿದರೂ ಉಪಯೋಗವಾಗಲಿಲ್ಲ. ಬೆಳಿಗ್ಗೆ ನಡಿಗೆ, ಸ್ನಾನ, ಪತ್ರಿಕೆ, ಅದೇ ಕ್ರಮದಲ್ಲಿ. ಆ ಪತ್ರಿಕೆಯಲ್ಲಿ ಒಂದು ದಿನ ಓದಿದೆ: ಮಂಗಳ ಗ್ರಹಕ್ಕೆ ಕಳಿಸುವ ಯಂತ್ರದ ಭಾಗಗಳನ್ನು ಮೊದಲು ಚೆನ್ನಾಗಿ ಕಾಯಿಸುತ್ತಾರಂತೆ, ನಮ್ಮ ಕ್ರಿಮಿಗಳು ಅಲ್ಲಿಗೆ ಹೋಗಬಾರದೆಂದು. ಜೋಡಿಸುವವರು ನಮ್ಮ ಥಿಯೇಟರಿನವರ ಹಾಗೆಯೇ ಟೋಪಿ, ಮಾಸ್ಕು, ಗ್ಲೌಸು ತೊಟ್ಟಿರುತ್ತಾರಂತೆ. ಇನ್ನೊಂದು ಯಂತ್ರ ಆಕಾಶದಲ್ಲಿ ಅಲೆಯುವ ಬಂಡೆಯೊಂದರ ಹತ್ತಿರ ಹೋಗಿ, ಹಿಡಿಯಷ್ಟು ಪುಡಿಯನ್ನು ಬಾಚಿ, ಡಬ್ಬಿಯಲ್ಲಿ ಮುಚ್ಚಿ ಭೂಮಿಗೆ ಇಳಿಸಿತ್ತು. ಅದನ್ನು ಬಿಚ್ಚುವಾಗ ಮನುಷ್ಯರ ಉಸಿರು ಸಹ ತಾಗದ ಹಾಗೆ ನೋಡಿಕೊಂಡರಂತೆ. ನನ್ನ ಕೆಲಸ ಬಲ್ಲ ಜನ ಪ್ರಪಂಚದಲ್ಲಿ ಇನ್ನೂ ಇದ್ದಾರೆ ಎಂದು ಸಮಾಧಾನವಾಯಿತು. ಅಂದಿನಿಂದ ಇಂಥ ಸುದ್ದಿ ಒಂದನ್ನೂ ಬಿಟ್ಟಿಲ್ಲ.

ಊರ ಹೊರಗೆ ನನ್ನ ಪಾಲಿನ ಹೊಲವಿದೆ. ರಾಗಿ ಕೊಯ್ದ ಮೇಲೆ ಅಲ್ಲಿ ಕುರಿಮಂದೆ ನಿಲ್ಲಿಸುವುದು ಅಪ್ಪನ ಕಾಲದಿಂದ ನಡೆದು ಬಂದದ್ದು. ಹಗಲು ಮೇಯ್ದ ಕುರಿಗಳನ್ನು ಸಂಜೆ ಹೊಲಕ್ಕೆ ತಂದು ಸುತ್ತ ಬಲೆ ಕಟ್ಟುತ್ತಾರೆ. ರಾತ್ರಿಯೆಲ್ಲ ಹಿಕ್ಕೆ ಹಾಕುತ್ತವೆ, ಹೊಲಕ್ಕೆ ಗೊಬ್ಬರವಾಗುತ್ತದೆ. ಇದಕ್ಕೆ ಎರಡೇ ಮಾತಿನ ಕಟ್ಟಳೆ. ನೆಲದ ಮೇಲೆ ಬಿದ್ದದ್ದು ಹೊಲದವರದು. ಕುರಿಯ ಮೇಲೆ ಬಿದ್ದದ್ದು ಕುರಿಯವರದು. ಅಂದರೆ ಹಿಕ್ಕೆ ನಮ್ಮದು. ಮಳೆ ಬೀಳಲಿ, ರೋಗ ಬೀಳಲಿ, ತೋಳ ಬೀಳಲಿ, ಆ ನಷ್ಟ ಅವರದು.

ನನ್ನ ಹೊಲಕ್ಕೆ ಬರುವ ಮಂದೆಗೆ ಯಜಮಾನಿ ಒಬ್ಬಳು. ನನ್ನದೇ ವಯಸ್ಸು, ನನ್ನದೇ ಎತ್ತರ, ಬಾಯಿ ಮಾತ್ರ ನನ್ನದಕ್ಕಿಂತ ದೊಡ್ಡದು. ಹೇಳಿದ ದಿನ ಬರುವವಳಲ್ಲ, ಹೇಳಿದ ಜಾಗದಲ್ಲಿ ಬಲೆ ಕಟ್ಟುವವಳಲ್ಲ. ಹಿಂದಿನ ವರ್ಷ ನಾಯಿಗಳು ಬಲೆಗೆ ನುಗ್ಗಿ ಅವಳ ಮರಿಯೊಂದನ್ನು ಎಳೆದುಕೊಂಡು ಹೋದಾಗ, ನಿನ್ನ ಹೊಲದ ಬದು ತಗ್ಗು, ಅದಕ್ಕೇ ಹೀಗಾಯಿತು ಎಂದು ನನ್ನ ಮನೆಯ ಮುಂದೆ ಕೂಗಾಡಿದ್ದಳು. ನಾನು ಜಗುಲಿಯಿಂದ ಇಳಿಯದೆ ಹೇಳಿದ್ದೆ, "ಕುರಿಯ ಮೇಲೆ ಬಿದ್ದಿದ್ದು ನಿನ್ನದು. ನಡಿ." ಅವಳು ಅದನ್ನು ಮರೆಯುವ ಹೆಂಗಸಲ್ಲ.

ಅದರ ಮರುವರ್ಷವೂ ಬಲೆ ಕಟ್ಟುವ ಜಾಗದ ಬಗ್ಗೆಯೇ ಜಗಳ ನಡೆದಿತ್ತು. ಆಗಷ್ಟೇ ಹೊತ್ತು ಮುಳುಗಿತ್ತು, ತಮ್ಮ ಬೈಕಿನ ಹತ್ತಿರ ನಿಂತಿದ್ದ. ಇದ್ದಕ್ಕಿದ್ದಂತೆ ಆಕಾಶದಲ್ಲಿ ಬೆಳಕು ಗೀರಿತು. ಸ್ವಲ್ಪ ಹೊತ್ತಿಗೆ ಕ್ವಾರಿಯಲ್ಲಿ ಮದ್ದು ಸಿಡಿದಂಥ ಸದ್ದು, ಒಂದರ ಹಿಂದೆ ಒಂದು. ಆಮೇಲೆ ಬಲೆಯೊಳಗೆ ಧಪ್ ಎಂದಿತು. ಕುರಿಗಳೆಲ್ಲ ಒಂದು ಮೂಲೆಗೆ ನುಗ್ಗಿದವು. ನಡುವೆ ಒಂದು ಹೆಣ್ಣು ಕುರಿ ಬೆನ್ನು ಮುರಿದು ಬಿದ್ದಿತ್ತು. ಅದರ ಪಕ್ಕದಲ್ಲಿ ಒಂದು ಕಲ್ಲು. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಬಾಣಲೆಯ ತಳದಂತೆ ಕಪ್ಪು.

ಅದೇನೆಂದು ನನಗೆ ತಕ್ಷಣ ಗೊತ್ತಾಯಿತು. ಯಂತ್ರಗಳು ವರ್ಷಗಟ್ಟಲೆ ಹೋಗಿ ಹಿಡಿಯಷ್ಟು ತರುವ ವಸ್ತು ಇಡಿಯಾಗಿ ನನ್ನ ಹೊಲಕ್ಕೆ ಬಂದಿತ್ತು. ಇನ್ನೂ ಯಾರೂ ಮುಟ್ಟಿರಲಿಲ್ಲ.

"ಯಾರೂ ಮುಟ್ಟಬೇಡಿ!" ಎಂದು ಕೂಗಿದೆ. "ನೀರು ತಾಗಿಸಬೇಡಿ. ಇದರಲ್ಲಿ ಕಬ್ಬಿಣ ಇರುತ್ತೆ, ತುಕ್ಕು ಹಿಡಿಯುತ್ತೆ. ನಾನು ಬರೋ ತನಕ ಹೀಗೇ ಇರಲಿ."

ತಮ್ಮನ ಬೈಕಿನಲ್ಲಿ ಮನೆಗೆ ಹೋದೆ. ಗ್ಲೌಸು, ಬೇಯಿಸಿ ಒಣಗಿಸಿದ ಬಟ್ಟೆ, ಮುಚ್ಚಳವಿರುವ ಸ್ಟೀಲ್ ಡಬ್ಬಿ ತೆಗೆದುಕೊಂಡು ವಾಪಸ್ಸು ಬಂದೆ. ಬರುವಷ್ಟರಲ್ಲಿ ಕಲ್ಲಿಗೆ ಹಾಲಿನ ಸ್ನಾನ ಆಗಿತ್ತು. ಮೈತುಂಬ ಅರಿಶಿನದ ಭಂಡಾರ ಬಳಿದಿದ್ದರು. ಕರಿ ಕಂಬಳಿಯ ಗದ್ದುಗೆಯ ಮೇಲೆ ಕೂರಿಸಿ, ಯಜಮಾನಿ ಮುಂದೆ ಕೂತಿದ್ದಳು. ಸತ್ತ ಕುರಿಯ ಕಿವಿ ಕೊಯ್ದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಸತ್ತದ್ದು ಯಾರ ಕುರಿ ಎನ್ನುವುದಕ್ಕೆ ಅವರಲ್ಲಿ ಕಿವಿಗೆ ಕೊಯ್ದ ಗುರುತಿನ ಗೀರೇ ಸಾಕ್ಷಿ; ಕಿವಿ ಯಾರ ಕೈಯಲ್ಲೋ ಕುರಿ ಅವರದು.

ಅವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವಳು ಆಡಿದ್ದನ್ನು ಬರೆಯುತ್ತೇನೆ.

"ಯಾಕಕ್ಕ ಬಾಯ್ ಬಡ್ಕಂತೀಯ? ಅಲ್ಲಿಂದ ಇಲ್ಲಿಗೆ ಬಂದೈತೆ. ಬಂದ ನೆಂಟನ್ನ ಕಾಲಿಗೆ ನೀರು ಕೊಡ್ದೆ ಒಳಕ್ಕೆ ಕರೀತಾರೇನು? ಜೀವ ಬೇರೆ ತಗಂಡೈತೆ, ತಣ್ಣಗ್ ಮಾಡಬ್ಯಾಡ್ವಾ?"

"ಅದು ನೆಂಟ ಅಲ್ಲ, ಕಲ್ಲು. ನನ್ನ ಹೊಲದಲ್ಲಿ ಬಿದ್ದಿದೆ. ಕೊಡು ಇಲ್ಲಿ."

ಅವಳು ನಕ್ಕಳು. ವರ್ಷವಿಡೀ ಕಾದಿಟ್ಟಿದ್ದ ನಗು. "ನೆಲದ ಮ್ಯಾಲೆ ಬಿದ್ದಿದ್ದು ನಿಂದು, ಕುರಿ ಮ್ಯಾಲೆ ಬಿದ್ದಿದ್ದು ನಂದು. ಹೋದ ವರ್ಷ ಜಗಲಿ ಮ್ಯಾಲ್ ಕುಂತು ಯಾರಂದಿದ್ದು? ನಾನಾ, ನೀನಾ? ನಡಿ ನರ್ಸಮ್ಮ, ನಡಿ."

ತಮ್ಮ ಮುಖ ಆ ಕಡೆ ತಿರುಗಿಸಿದ. ನಗುತ್ತಿದ್ದ ಎಂದು ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಮಾರನೆಯ ಬೆಳಿಗ್ಗೆ ಚಿತ್ರದುರ್ಗದ ಭೂವಿಜ್ಞಾನ ಇಲಾಖೆಯ ಕಚೇರಿಗೆ ಫೋನು ಮಾಡಿದೆ. ಬರುತ್ತೇವೆ ಎಂದರು, ಇವತ್ತು ಎಂದು ಹೇಳಲಿಲ್ಲ. ನಾನು ಕುರ್ಚಿ ತೆಗೆದುಕೊಂಡು ಹೋಗಿ ಬಲೆಯ ಹೊರಗೆ ಕುಳಿತೆ. ಗಂಡಸರು ಕುರಿ ಹೊಡೆದುಕೊಂಡು ಮೇಯಿಸಲು ಹೋದರು. ಯಜಮಾನಿ ಗದ್ದುಗೆ ಬಿಟ್ಟು ಅಲ್ಲಾಡಲಿಲ್ಲ. ಒಳಗೆ ಅವಳು, ಹೊರಗೆ ನಾನು. ಹೊತ್ತೇರುತ್ತಿದ್ದಂತೆ ನನ್ನ ಕಡೆಯೇ ನೋಡುತ್ತ ಕಲ್ಲಿನ ಮೇಲೆ ಇನ್ನೊಂದು ಲೋಟ ಹಾಲು ಸುರಿದಳು. ಬಿದ್ದ ಪೆಟ್ಟಿಗೆ ಕಲ್ಲಿನ ಒಂದು ತುದಿಯಲ್ಲಿ ಚಕ್ಕೆ ಎದ್ದು ಒಳಗಿನ ಬೂದು ಬಣ್ಣ ಕಾಣುತ್ತಿತ್ತು. ಹಾಲು ಅಲ್ಲಿಗೆ ಇಳಿಯುವುದನ್ನು ನೋಡಿ, ಹೊಲಿಯುತ್ತಿರುವ ಗಾಯದ ಮೇಲೆ ಯಾರೋ ಉಗಿದಂತಾಯಿತು.

ಸುಮ್ಮನಿರಲಾರದೆ ಹೇಳಿದೆ. ಈ ಕಲ್ಲು ನಮ್ಮ ಭೂಮಿಯಷ್ಟೇ ಹಳೆಯದು. ಒಳಗೆ ಏನಿದೆ ಎನ್ನುವುದು ನಮ್ಮ ಕೊಳೆ ಸೇರುವ ಮೊದಲು ತಿಳಿಯಬೇಕು. ಅದಕ್ಕೇ ಮನುಷ್ಯರ ಬದಲು ಯಂತ್ರಗಳನ್ನು ಕಳಿಸುತ್ತಾರೆ, ಅವುಗಳನ್ನೂ ಶುದ್ಧ ಮಾಡಿ ಕಳಿಸುತ್ತಾರೆ.

"ಯಂತ್ರದ ಸುದ್ದಿ ನಂಗ್ಯಾಕ್ ಹೇಳ್ತೀಯ?" ಎಂದು ಎದ್ದು ನಿಂತಳು. "ಚಂದ್ರಂಗೆ ಕಳಸಾಕೆ ಅಂತ ಆ ಕಾವಲ್ನಾಗೆ ಗುಂಡಿ ತೋಡಿದ್ರಲ್ಲ, ನೋಡೀಯೇನು? ನಾನು ನೋಡೀನಿ. ನಮ್ಮಪ್ಪ ಕುರಿ ಮೇಯಿಸಿದ ಜಾಗ ಅದು. ಈಗ ಗೋಡೆ ಐತೆ. ಗೋಡೆ ಸುತ್ತಿ ಬರಾಕೆ ನನ್ನ ಕುರಿ ಇನ್ನೊಂದು ದಿನ ನಡೀಬೇಕು. ಯಾಕ್ ತಡವಾಗಿ ಬಂದೆ ಅಂತ ನನ್ನೇ ಬೈತೀಯ."

ಚಂದ್ರನ ಮೇಲಿನಂಥ ಗುಂಡಿಗಳನ್ನು ನಮ್ಮ ಜಿಲ್ಲೆಯಲ್ಲೇ ತೋಡಿ, ಇಳಿಯುವ ಯಂತ್ರದ ಕಣ್ಣನ್ನು ಪರೀಕ್ಷಿಸಿದ್ದರ ಬಗ್ಗೆ ನಾನೂ ಓದಿದ್ದೆ, ಹೆಮ್ಮೆಪಟ್ಟಿದ್ದೆ. ಗೋಡೆಯ ವಿಷಯ ಪತ್ರಿಕೆಯಲ್ಲಿರಲಿಲ್ಲ. ಆದರೂ ಗೋಡೆಯ ಸಿಟ್ಟನ್ನು ಕಲ್ಲಿನ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ? ಹಾಗೆಯೇ ಕೇಳಿದೆ. ಉತ್ತರವಾಗಿ ಅವಳು ಕಲ್ಲಿಗೆ ಇನ್ನಷ್ಟು ಭಂಡಾರ ಬಳಿದಳು.

ಅಧಿಕಾರಿ ಬಂದಿದ್ದು ಅದರ ಮರುದಿನ. ಹೊಳಲ್ಕೆರೆಯಲ್ಲಿ ಕಟ್ಟಿಸಿಕೊಂಡ ಮೆಣಸಿನಕಾಯಿ ಬಜ್ಜಿಯನ್ನು ಜೀಪಿನಲ್ಲೇ ತಿನ್ನುತ್ತ ಬಂದಿದ್ದರು. ಇಳಿದವರು ನೇರ ಬಂದು ಅದೇ ಎಣ್ಣೆಗೈಯನ್ನು ಕಲ್ಲಿಗೆ ಚಾಚಿದರು.

"ಕೈ ತೊಳ್ಕೊಳ್ರಿ!"

ಇದನ್ನು ನಾನೂ ಯಜಮಾನಿಯೂ ಒಟ್ಟಿಗೇ ಕೂಗಿದೆವು. ಅವಳ ಕಾರಣ ಬೇರೆ, ನನ್ನದು ಬೇರೆ. ಒಬ್ಬರನ್ನೊಬ್ಬರು ನೋಡಿಕೊಂಡೆವು, ಇಬ್ಬರಿಗೂ ಅದು ಇಷ್ಟವಾಗಲಿಲ್ಲ.

ಅಧಿಕಾರಿ ಕೈ ತೊಳೆದು ಬಂದು ಅಯಸ್ಕಾಂತ ತೋರಿಸಿದರು. ಅದು ಕಲ್ಲಿಗೆ ಅಂಟಿತು. ಉಲ್ಕಾಶಿಲೆಯೇ, ಅನುಮಾನವಿಲ್ಲ ಎಂದರು. ಹೊರಮೈ ಕೆಟ್ಟಿದೆ, ಒಳಗೆ ಇನ್ನೂ ಚೆನ್ನಾಗಿರಬಹುದು; ಆದರೆ ಹೀಗೆ ದಿನಾ ಒದ್ದೆ ಮಾಡಿದರೆ ಉಳಿಯುವುದಿಲ್ಲ. ಆಮೇಲೆ ಅವಳ ಕಡೆ ತಿರುಗಿದರು. "ಲೇ ಮುದುಕಿ, ಇದು ಸರ್ಕಾರದ್ದು. ಕೊಡ್ತೀಯೋ, ಪೊಲೀಸರನ್ನ ಕರೀಲೋ?"

"ಕರಿ. ಅವರು ಬರಾದ್ರೊಳಗೆ ಕೆರೆಗೆ ಎಸೀತೀನಿ. ಮುಳುಗಿ ಹುಡುಕ್ಕಳ್ರಿ."

ಎಸೆಯುತ್ತಾಳೆ ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಎಸೆಯದಿದ್ದರೂ ಮಾರನೆಯ ಬೆಳಿಗ್ಗೆ ಮಂದೆ ಹಿರಿಯೂರಿನ ಕಡೆ ಹೊರಡುವುದಿತ್ತು, ಕಲ್ಲೂ ಕಂಬಳಿಯಲ್ಲಿ ಹೋಗುತ್ತಿತ್ತು. ಆಮೇಲೆ ದಿನಾ ಹಾಲು. "ನೀವು ಜೀಪಿನಲ್ಲಿ ಕೂತ್ಕೊಳ್ರಿ" ಎಂದು ಅಧಿಕಾರಿಗೆ ಹೇಳಿದೆ. "ನನ್ನ ಹೊಲದಲ್ಲಿ ನಿಂತು ಅವಳಿಗೆ ಲೇ ಅನ್ನಬೇಡಿ. ಬೈಯೋದಿದ್ರೆ ನಾನಿದ್ದೀನಿ."

ನನ್ನ ತಮ್ಮನ ಕೊಟ್ಟಿಗೆಯಲ್ಲಿ ನಾಲ್ಕಾರು ಕುರಿಗಳಿದ್ದವು. ಅದರಲ್ಲಿ ಒಂದು ಕೆಂದು ಬಣ್ಣದ ಹೆಣ್ಣು ಕುರಿ, ಗಬ್ಬವಾಗಿತ್ತು. ಅವನು ಕೈಯಲ್ಲೇ ಸೊಪ್ಪು ತಿನ್ನಿಸಿ ಬೆಳೆಸಿದ್ದು. ಅದರ ಹಗ್ಗ ಬಿಚ್ಚಿ ಹೊಲಕ್ಕೆ ನಡೆಸಿಕೊಂಡು ಬಂದೆ. ತಮ್ಮ ಹಿಂದೆಯೇ ಓಡಿ ಬಂದ.

"ಅಕ್ಕ, ಎಲ್ಲಿಗೆ ಹೊಡ್ಕಂಡ್ ಹೋಗ್ತೀಯ ಅದನ್ನ?"

"ಆಮೇಲೆ ಹೇಳ್ತೀನಿ."

"ಬ್ಯಾರೇದ್ ತಗಾ! ಆ ಕರೇದ್ ತಗಾ!"

ಗಬ್ಬವಿಲ್ಲದ ಕರಿಯದಕ್ಕೆ ಯಜಮಾನಿ ಒಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಲೆಯ ಹತ್ತಿರ ನಿಂತು ಅವಳನ್ನು ಕರೆದೆ. "ನೋಡಮ್ಮ, ನಿನ್ನ ಸತ್ತ ಕುರಿಗೆ ಬದಲಾಗಿ ಈ ಕುರಿ. ತಲೆಗೆ ತಲೆ. ತಗೋ."

ಅವಳು ಕುರಿಯ ಹಲ್ಲು ನೋಡಿದಳು, ಹೊಟ್ಟೆ ಮುಟ್ಟಿದಳು, ಕಣ್ಣರಳಿತು. ಕುರಿಯವರಿಗೆ ಕುರಿ ಕಂಡರೆ ಬೇರೆ ಯೋಚನೆ ಬರುವುದಿಲ್ಲ. "ಸತ್ತಿದ್ದು ತಗಂಡು ಏನ್ ಮಾಡ್ತೀಯ? ಹೂತಾಕಿದೀವಿ."

"ಅದು ನನಗೆ ಬಿಟ್ಟಿದ್ದು. ಒಪ್ಪಿಗೆ ತಾನೇ? ಕಿವಿ ಕೊಡು."

ಸೊಂಟದಿಂದ ಒಣಗಿದ ಕಿವಿ ತೆಗೆದು ನನ್ನ ಗ್ಲೌಸಿನ ಕೈಗೆ ಹಾಕಿದಳು. ನಾನು ಅದನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೆ. ಆಮೇಲೆ ಹೇಳಿದೆ, "ಈಗ ಸತ್ತ ಕುರಿ ನನ್ನದು. ಕುರಿಯ ಮೇಲೆ ಬಿದ್ದಿದ್ದು ಕುರಿಯವರದು. ಕಲ್ಲು ಕೊಡು."

ಅವಳ ಕೈ ಸೊಂಟಕ್ಕೆ ಹೋಯಿತು, ಕಿವಿ ಅಲ್ಲಿರಲಿಲ್ಲ. ಅಂದು ಮೇಯಿಸಲು ಹೋಗದೆ ಉಳಿದಿದ್ದ ಅವಳ ಕಡೆಯ ಗಂಡಸರು ಕಿವಿ ಕೈ ದಾಟಿದ್ದನ್ನು ನೋಡಿದ್ದರು. ಕೊಟ್ಟ ಕಿವಿ ವಾಪಸ್ಸು ಕೇಳುವ ಪದ್ಧತಿ ಅವರಲ್ಲಿಲ್ಲ. "ನೀನು ಆಸ್ಪತ್ರೆನಾಗೆ ಎಷ್ಟು ಜನದ ಕಿವಿ ಕೊಯ್ದಿದ್ದೆ ನರ್ಸಮ್ಮ?" ಎಂದಳು. ಕಂಬಳಿಯ ಅಂಚು ಹಿಡಿದು ಕಲ್ಲನ್ನು ನನ್ನ ಡಬ್ಬಿಗೆ ಉರುಳಿಸಿದಳು. ಕೈಯಿಂದ ಮುಟ್ಟಲಿಲ್ಲ. ಅದು ನನ್ನ ಮಾತಿಗೆ ಕೊಟ್ಟ ಮರ್ಯಾದೆಯೋ, ನನ್ನದಾಗಿ ಮೈಲಿಗೆಯಾದದ್ದನ್ನು ಮುಟ್ಟಬಾರದೆಂಬ ಹೇಸಿಗೆಯೋ, ಕೇಳುವ ಅಗತ್ಯ ನನಗೆ ಕಾಣಲಿಲ್ಲ.

ಡಬ್ಬಿಯನ್ನು ಅಧಿಕಾರಿಯ ಕೈಗೆ ಕೊಡಲಿಲ್ಲ. ನಾನೇ ಜೀಪು ಹತ್ತಿ ತೊಡೆಯ ಮೇಲಿಟ್ಟುಕೊಂಡೆ. ಚಿತ್ರದುರ್ಗದಲ್ಲಿ ಕಾಗದ ಪತ್ರ ಮುಗಿಸಿ ದೂರದ ಪ್ರಯೋಗಾಲಯಕ್ಕೆ ಕಳಿಸುವಾಗಲೂ ಜೊತೆಗೆ ಹೋದೆ. ಅಲ್ಲಿನ ಬಾಗಿಲಲ್ಲಿ ಟೋಪಿ, ಮಾಸ್ಕು ತೊಟ್ಟ ಹೆಂಗಸೊಬ್ಬಳು ನನ್ನನ್ನು ತಡೆದಳು.

"ಅಮ್ಮ, ಗೆರೆ ದಾಟಬೇಡಿ. ಡಬ್ಬಿ ಕೊಟ್ಟು ಹೊರಗೆ ಇರಿ."

"ನಾನು ಥಿಯೇಟರ್ ಮೇಟ್ರನ್."

"ಯಾರಾದರೂ ಸರಿ. ನಿಮ್ಮ ಸೀರೆಗೆ ಅರಿಶಿನ ಹತ್ತಿದೆ."

ಅಷ್ಟು ದಿನಗಳಲ್ಲಿ ಒಬ್ಬರಾದರೂ ಸರಿಯಾದ ಕೆಲಸ ಮಾಡಿದ್ದನ್ನು ನಾನು ಕಂಡಿದ್ದು ಆಗಲೇ. ಡಬ್ಬಿ ಕೊಟ್ಟು ಗೆರೆಯ ಹೊರಗೆ ನಿಂತೆ. ಕೆಲವು ವಾರಗಳ ನಂತರ ಫೋನು ಬಂತು. ಕೊಯ್ದು ನೋಡಿದರಂತೆ. ಹಾಲು ಚಕ್ಕೆ ಎದ್ದ ತುದಿಯಲ್ಲಿ ಮಾತ್ರ ಇಳಿದಿತ್ತು, ಒಳಗೆ ಶುದ್ಧವಾಗಿತ್ತು. ಬೂದು ಕಲ್ಲಿನಲ್ಲಿ ಲೋಹದ ಚುಕ್ಕೆಗಳು ಹೊಳೆಯುತ್ತಿವೆಯಂತೆ.

ಕೆಂದು ಕುರಿಗಾಗಿ ತಮ್ಮ ನನ್ನೊಡನೆ ಮಾತು ಬಿಟ್ಟ. ಊಟದ ತಟ್ಟೆಯನ್ನು ಹೆಂಡತಿಯ ಕೈಯಲ್ಲಿ ಕಳಿಸುತ್ತಾನೆ. ಈ ವರ್ಷ ಸುಗ್ಗಿ ಮುಗಿದ ಮೇಲೆ ಮಂದೆ ಬಂತು, ಹೇಳದೆ ಕೇಳದೆ ಪಕ್ಕದವರ ಹೊಲಕ್ಕೆ ಹೋಯಿತು. ನನ್ನ ಬದುವಿಗೆ ಸರಿಯಾಗಿ, ಒಂದು ಹಿಕ್ಕೆಯೂ ಈ ಕಡೆ ಉರುಳದ ಹಾಗೆ ಬಲೆ ಕಟ್ಟಿದ್ದಾಳೆ. ಅಷ್ಟು ನೇರವಾಗಿ ನನ್ನ ಹೊಲದಲ್ಲಿ ಒಮ್ಮೆಯೂ ಕಟ್ಟಿದವಳಲ್ಲ. ನಿನ್ನೆ ಬೆಳಗಿನ ನಡಿಗೆಯಲ್ಲಿ ನಾನು ಬದುವಿನ ಮೇಲೆ ಬಂದಾಗ ಅವಳು ಕೆಂದು ಕುರಿಯನ್ನು ಮುಂದಕ್ಕೆ ತಳ್ಳಿ ನಿಲ್ಲಿಸಿದಳು. ಕಾಲಸಂದಿಯಲ್ಲಿ ಎರಡು ಮರಿ, ಎರಡೂ ಕೆಂದೇ.

"ನೋಡಕ್ಕ, ಎರಡ್ನೇ ಸಲಾನೂ ಜೋಡಿ ಹಾಕೈತೆ. ನಿನ್ ಕಲ್ಲು ಮರಿ ಹಾಕ್ತೇನು?"

"ಇನ್ನೂ ಕೊಯ್ತಾ ಇದ್ದಾರೆ" ಎಂದೆ. "ಆ ಮರಿ ಮುಟ್ಟಿದ ಕೈಯಲ್ಲೇ ರೊಟ್ಟಿ ಮುರೀತಾ ಇದ್ದೀಯಲ್ಲ, ತೊಳ್ಕೊ ಹೋಗು."

ಅವಳು ನನ್ನನ್ನೇ ನೋಡುತ್ತ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು.