ಕೆಲಸಕ್ಕೆ ಹೋಗುವ ವಿನುತಾ

ಹೆಬ್ಬಾಲೆಯ ಕಾಂತಮ್ಮ ಶುಂಠಿ ಹೊಲಕ್ಕೆ ಕೂಲಿಗೆ ಹೋಗುವಾಗಲೆಲ್ಲ ಮಗಳು ವಿನುತಾಳನ್ನೂ ಕರೆದುಕೊಂಡು ಹೋಗಿ ಹೊಂಗೆ ಮರದ ನೆರಳಲ್ಲಿ ಕೂರಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲು ಅವಳಿಗೆ ಧೈರ್ಯವಿರಲಿಲ್ಲ. ವಿನುತಾಗೆ ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ಮಾತು ತುಸು ತೊದಲು, ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಹೀಗೇ ನೆರಳಲ್ಲಿ ಕೂತು ಕೂತು ಅವಳಿಗೆ ಇಪ್ಪತ್ತನಾಲ್ಕು ವರ್ಷವಾಯಿತು.

ಪಕ್ಕದ ಮನೆಯ ನಿಶ್ಮಿತಾ ಕುಶಾಲನಗರದ ಹತ್ತಿರ ಒಂದು ಮಸಾಲೆ ಪ್ಯಾಕಿಂಗ್ ಘಟಕದಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಅವಳೇ ಕೇಳಿದಳು: "ಅಕ್ಕಾ, ಇವಳನ್ನ ನನ್ ಜೊತೆ ಕಳ್ಸಿ. ಸುಮ್ನೆ ಕೂತಿರ್ಲಿ, ನಾನ್ ನೋಡ್ಕೋತೀನಿ."

ವಿನುತಾ ಅಲ್ಲಿ ಸುಮ್ಮನೆ ಕೂರಲಿಲ್ಲ. ಮೊದಲು ಲೇಬಲ್ ಅಂಟಿಸಿದಳು. ಆಮೇಲೆ ಕರಿಮೆಣಸು, ಏಲಕ್ಕಿ ತುಂಬಿದ ಕವರುಗಳ ಬಾಯಿ ಮುಚ್ಚುವ ಸೀಲಿಂಗ್ ಮಷೀನಿನ ಮುಂದೆ ಕೂತಳು. ಎರಡು ಸಲ ಬೆರಳು ಸುಟ್ಟುಕೊಂಡರೂ ಬಿಡಲಿಲ್ಲ. ಘಟಕದ ಮಾಲೀಕರಾದ ಬೋಜಪ್ಪ ಅವಳ ಹೆಸರನ್ನು ಹಾಜರಿ ಪುಸ್ತಕಕ್ಕೆ ಸೇರಿಸಿ, ಉಳಿದವರಿಗೆ ಕೊಡುವ ಸಂಬಳವನ್ನೇ ಕೊಟ್ಟರು.

ಮೂರನೆಯ ವರ್ಷ ವಿನುತಾಗೆ ಆಗಾಗ ಹೊಟ್ಟೆನೋವು ಬರತೊಡಗಿತು. ನೋವು ಬಂದಾಗ ಮಷೀನು ಬಿಟ್ಟು ನೆಲಕ್ಕೆ ಕುಕ್ಕರಿಸಿಬಿಡುತ್ತಿದ್ದಳು. ಕಾಂತಮ್ಮ ಜೀರಿಗೆ ಕಷಾಯ ಕುಡಿಸುತ್ತಿದ್ದಳು. ದೊಡ್ಡ ಆಸ್ಪತ್ರೆಯ ಖರ್ಚಿಗೆ ಹೆದರಿ ಅಲ್ಲಿಗೆ ಕರೆದೊಯ್ದಿರಲಿಲ್ಲ.

ಬೋಜಪ್ಪ ಕಾಂತಮ್ಮನನ್ನು ಕರೆಸಿದರು. "ನೋಡಿ ಕಾಂತಮ್ಮಾ, ಅಂಗವಿಕಲ ಕೆಲಸಗಾರರಿಗೆ ಆರೋಗ್ಯ ವಿಮೆ ಮಾಡಿಸಿದ್ರೆ ಪ್ರೀಮಿಯಂ ಸರ್ಕಾರವೇ ಕಟ್ಟುತ್ತೆ. ವಿನುತಾಗೂ ಮಾಡ್ಸೋಣ. ಆದ್ರೆ ಚಿಕ್ಕಂದಿನಲ್ಲಿ ಮಾಡ್ಸಿದ ಅಂಗವಿಕಲರ ಸರ್ಟಿಫಿಕೇಟ್ ಈಗ ನಡೆಯಲ್ಲ. ಹೊಸದು ಬೇಕು."

ಸರ್ಟಿಫಿಕೇಟ್ ಕೊಡುವ ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಉದ್ದವಿತ್ತು. ಮುಂದೆ ನಿಂತಿದ್ದ ಹೆಂಗಸೊಬ್ಬಳು ಕಾಂತಮ್ಮನ ಕಿವಿಯಲ್ಲಿ, "ಏನೂ ಬರಲ್ಲ ಅಂತಾನೇ ಹೇಳಿ. ಕೆಲ್ಸ ಮಾಡ್ತಾಳೆ ಅಂದ್ರೆ ಅಂಗವೈಕಲ್ಯದ ಪರ್ಸೆಂಟ್ ಕಮ್ಮಿ ಮಾಡಿ ಸರ್ಟಿಫಿಕೇಟೇ ಕೊಡಲ್ಲ" ಎಂದಳು. ಕಾಂತಮ್ಮ ಹೆದರಿದಳು. "ನೀನು ಬಾಯಿ ಬಿಡ್ಬೇಡ, ನಾನ್ ಹೇಳ್ತೀನಿ" ಎಂದು ಮಗಳಿಗೆ ತಾಕೀತು ಮಾಡಿದಳು.

"ಇವರು ಏನೇನು ಮಾಡ್ತಾರೆ?" ಎಂದು ಡಾಕ್ಟರಮ್ಮ ಕೇಳಿದರು.

"ಏನೂ ಬರಲ್ಲ ಮೇಡಂ. ಒಂದು ಲೋಟ ನೀರೂ ತಾನಾಗಿ ಕುಡಿಯಲ್ಲ. ಎಲ್ಲಾ ನಾನೇ ಮಾಡ್ಬೇಕು."

ವಿನುತಾ ಅಮ್ಮನ ಕಡೆ ತಿರುಗಿದಳು. ಅವಳ ಮುಖ ಕೆಂಪಾಗಿತ್ತು. "ಸುಳ್ಳು" ಎಂದಳು. "ಅಮ್ಮ ಸುಳ್ಳು ಹೇಳ್ತಾಳೆ. ನಾನು ಕೆಲ್ಸಕ್ಕೆ ಹೋಗ್ತೀನಿ." ಬೆರಳಿನ ಮೇಲಿದ್ದ ಕಲೆಯನ್ನು ಡಾಕ್ಟರ ಮುಂದೆ ಹಿಡಿದಳು. "ಮಷೀನು ಸುಡ್ತು. ಈಗ ಸುಡಲ್ಲ."

ಡಾಕ್ಟರು ಆ ಬೆರಳನ್ನು ನೋಡಿ, "ಅಮ್ಮಾ, ಕೆಲಸ ಮಾಡಿದ್ರೆ ಸರ್ಟಿಫಿಕೇಟ್ ಕೊಡಲ್ಲ ಅಂತ ಯಾರು ಹೇಳಿದ್ದು?" ಎಂದರು. "ನೀವು ಬಂದಿರೋದೇ ಕೆಲಸಗಾರರ ವಿಮೆಗೆ. ಮಗಳು ನಿಜ ಹೇಳಿದ್ದು ಒಳ್ಳೇದಾಯ್ತು."

ಸರ್ಟಿಫಿಕೇಟಿಗೆ ತೊಂದರೆಯಾಗಲಿಲ್ಲ. ಆದರೆ ವಿನುತಾ ಹೋಟೆಲಿನಲ್ಲಿ ಊಟ ಮುಟ್ಟಲಿಲ್ಲ. ಬಸ್ಸಿನಲ್ಲಿ ಅಮ್ಮನ ಪಕ್ಕ ಕೂರದೆ ಬೇರೆ ಸೀಟು ಹಿಡಿದಳು.

ಸಂಜೆ ಮನೆಯ ಜಗುಲಿಯಲ್ಲಿ ಕಾಂತಮ್ಮ ಅವಳ ಹತ್ತಿರ ಹೋಗಿ ಕೂತಳು. "ತಪ್ಪಾಯ್ತು ಕಣವ್ವ."

"ನೀರು ನಾನೇ ಕುಡೀತೀನಿ."

"ಹೂಂ, ಕುಡೀತೀಯ."

"ನಿಂಗೂ ತಂದ್ಕೊಡ್ತೀನಿ."

"ಹೂಂ ಕಣವ್ವ, ತಂದ್ಕೊಡ್ತೀಯ."

"ಟೀನೂ ಮಾಡ್ತೀನಿ."

ಕಾಂತಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಅದು ಮಾತ್ರ ಬರಲ್ಲ ನಿಂಗೆ."

"ಹೇಳ್ಕೊಡು ಮತ್ತೆ!"

ಆವರೆಗೆ ಕಾಂತಮ್ಮ ಮಗಳನ್ನು ಒಲೆಯ ಹತ್ತಿರ ಬಿಟ್ಟವಳೇ ಅಲ್ಲ. ಅಂದು ಇಬ್ಬರೂ ಒಲೆಯ ಮುಂದೆ ನಿಂತರು.

ವಿಮೆಯ ಕಾರ್ಡು ಬಂದ ಮೇಲೆ, ಮಳೆಗಾಲದ ಶುರುವಿನಲ್ಲಿ, ವಿನುತಾಗೆ ತಡೆಯಲಾರದ ನೋವು ಬಂತು. ಬೋಜಪ್ಪನವರ ಜೀಪಿನಲ್ಲೇ ಮೈಸೂರಿಗೆ ಕರೆದೊಯ್ದರು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಲೇಬೇಕು ಎಂದರು ಅಲ್ಲಿನ ಡಾಕ್ಟರು. ವಿಮೆಯವರ ಒಪ್ಪಿಗೆ ಬರುವವರೆಗೆ ಕಾಂತಮ್ಮ ಕೌಂಟರಿನ ಎದುರಿನ ಬೆಂಚು ಬಿಟ್ಟು ಏಳಲಿಲ್ಲ. ಒಪ್ಪಿಗೆ ಬಂತು, ಆಪರೇಷನ್ ಸುಸೂತ್ರವಾಗಿ ಮುಗಿಯಿತು.

ನೋಡಲು ಬಂದ ನಿಶ್ಮಿತಾಳ ಕೈ ಹಿಡಿದು ಕಾಂತಮ್ಮ, "ಈ ಕಾರ್ಡ್ ಇಲ್ದಿದ್ರೆ ನಾನು ಇನ್ನೂ ಕಷಾಯ ಕುಡಿಸ್ಕೊಂಡೇ ಇರ್ತಿದ್ದೆ ಕಣಮ್ಮ" ಎಂದು ಅತ್ತಳು.

ಆಸ್ಪತ್ರೆಯ ಖರ್ಚನ್ನು ವಿಮೆ ನೋಡಿಕೊಂಡಿತು. ಮಗಳ ಆರೈಕೆಗೆ ಕೂಲಿ ಬಿಟ್ಟು ಕೂತ ದಿನಗಳ ನಷ್ಟವನ್ನು ಯಾರೂ ತುಂಬಿಕೊಡಲಿಲ್ಲ. ಮನೆಯ ಖರ್ಚು ಕೈ ಬಿಗಿಹಿಡಿದೇ ನಡೆಯಿತು.

ಡಾಕ್ಟರು ಹೇಳಿದ ವಿಶ್ರಾಂತಿ ಮುಗಿದ ದಿನ ಕಾಂತಮ್ಮ ತಾನೇ ಮಗಳನ್ನು ಘಟಕಕ್ಕೆ ಕರೆದುಕೊಂಡು ಹೋದಳು. ಮಷೀನಿನ ಮುಂದೆ ಬೇರೊಬ್ಬಳು ಕೂತಿದ್ದಳು. ವಿನುತಾ ಅವಳ ಹಿಂದೆಯೇ ನಿಂತಳು.

"ಒಂದು ವಾರ ಲೇಬಲ್ ಅಂಟಿಸು ಮಗಾ, ಆಮೇಲೆ ನಿನ್ ಜಾಗ ನಿಂಗೇ" ಎಂದರು ಬೋಜಪ್ಪ. ಅವಳು ಮೂತಿ ಉಬ್ಬಿಸಿಕೊಂಡೇ ಹೋಗಿ ನಿಶ್ಮಿತಾಳ ಪಕ್ಕ ಕೂತಳು.

ಎಲ್ಲಿ ನೋವು ಮರುಕಳಿಸುತ್ತದೋ ಎಂದು ಕಾಂತಮ್ಮ ಗೇಟಿನ ಹೊರಗೆ ಕಾದಳು. ಊಟದ ಹೊತ್ತಿಗೆ ಡಬ್ಬಿ ಹಿಡಿದು ಹೊರಬಂದ ವಿನುತಾ ಅಮ್ಮನನ್ನು ಕಂಡು ಹುಬ್ಬು ಗಂಟಿಕ್ಕಿದಳು.

"ಇನ್ನೂ ಇಲ್ಲೇ ಇದ್ದೀಯಾ? ನಿಂಗೆ ಕೆಲ್ಸ ಇಲ್ವಾ?"

ಕಾಂತಮ್ಮ ಸೆರಗು ಕೊಡವಿಕೊಂಡು ಎದ್ದಳು. ಹೆಬ್ಬಾಲೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ನಿಧಾನವಾಗಿ ಸ್ಟ್ಯಾಂಡಿನ ಕಡೆ ನಡೆದಳು.